ಮ್ಯಾಟ್ ಒದ್ದೆ, ರೇಡಿಯೇಟರ್ ಖಾಲಿ

ಮಳೆಗಾಲದಲ್ಲಿ ಸಕಲೇಶಪುರದ ಗ್ಯಾರೇಜಿನಲ್ಲಿ ನೀರಿನ ಲೀಕ್ ಹುಡುಕೋದಕ್ಕಿಂತ ತಲೆನೋವಿನ ಕೆಲಸ ಇನ್ನೊಂದಿಲ್ಲ. ಬಂದ ಗಾಡಿಯೆಲ್ಲ ಮೇಲೆ ಕೆಳಗೆ ಒದ್ದೆ. ಬಾನೆಟ್ ಎತ್ತಿದರೆ ಅಲ್ಲೂ ನೀರು. ಯಾವುದು ಮಳೆ, ಯಾವುದು ರೇಡಿಯೇಟರ್ ಅಂತ ಹೇಳೋದು ಹೇಗೆ? ಅದರ ಜೊತೆಗೆ ನಮ್ಮ ಸಾಹುಕಾರರ ಜಾಬ್ ಕಾರ್ಡ್. ಕಂಪ್ಲೇಂಟ್ ಒಂದೊಂದಕ್ಕೆ ಒಂದೊಂದು ಸಾಲು, ಸಾಲಿಗೊಬ್ಬ ಹುಡುಗ, ಹುಡುಗನಿಗೊಂದು ಟೈಮು. ಬಿಲ್ ಮಾಡೋಕೆ ತುಂಬಾ ಅನುಕೂಲ. ಗಾಡಿ ರಿಪೇರಿಗೆ ಅಷ್ಟೇನೂ ಅಲ್ಲ.

ರಿಟೈರ್ಡ್ ಮೇಷ್ಟ್ರೊಬ್ಬರ 1998ರ ಮಾರುತಿ 800 ಬಂದಾಗ ಕಾರ್ಡಿನಲ್ಲಿ ಎರಡು ಸಾಲು ಬರೆದೆವು. ಒಂದು, ರೇಡಿಯೇಟರ್ ನೀರು ಕಮ್ಮಿ ಆಗುತ್ತೆ. ಇನ್ನೊಂದು, ಮುಂದಿನ ಎಡಗಡೆ ಮ್ಯಾಟ್ ಒದ್ದೆ ಆಗುತ್ತೆ. ಮೊದಲನೇದು ನನಗೆ, ಎರಡನೇದು ಎಸಿ ಹುಡುಗನಿಗೆ.

ಮೇಲಿನ ಹೋಸ್ ಪೈಪ್ ಉಬ್ಬಿತ್ತು, ಕ್ಲಿಪ್ ತುಕ್ಕು ಹಿಡಿದಿತ್ತು. ಎರಡನ್ನೂ ಬದಲಾಯಿಸಿದೆ. ವಾಟರ್ ಬಾಡಿ, ಅಂದರೆ ಇಂಜಿನ್ನಿಗೆ ನೀರು ತಳ್ಳೋ ಪಂಪು, ಅದರ ಕೆಳಗೆ ಕೈ ಹಾಕಿ ನೋಡಿದೆ, ಒಣಗಿತ್ತು. ಇಂಜಿನ್ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಎಲ್ಲೂ ತೊಟ್ಟಿಕ್ಕಲಿಲ್ಲ. ಅತ್ತ ಎಸಿ ಹುಡುಗ ಡ್ರೈನ್ ಪೈಪಿನಿಂದ ಒಂದು ಹಿಡಿ ಕೊಳೆತ ಎಲೆ ಎಳೆದು ಎಲ್ಲರಿಗೂ ತೋರಿಸಿದ. ಡ್ರೈನ್ ಕಟ್ಟಿಕೊಂಡರೆ ಎಸಿ ನೀರು ಒಳಗೇ ಸುರಿಯುತ್ತೆ, ಅದು ಎಲ್ಲರಿಗೂ ಗೊತ್ತಿರೋದೇ. ಎರಡೂ ಸಾಲಿಗೆ ಟಿಕ್ ಬಿತ್ತು. ನಾನೇ ಸೈನ್ ಹಾಕಿದೆ.

ಮೇಷ್ಟ್ರಿಗೆ ಒಂದು ಪ್ರಶ್ನೆ ಕೇಳಬೇಕಿತ್ತು: ಎಸಿ ಹಾಕ್ತೀರಾ? ಜುಲೈ ತಿಂಗಳಲ್ಲಿ, ಸಕಲೇಶಪುರದಲ್ಲಿ, ಸ್ವೆಟರ್ ಹಾಕಿಕೊಂಡು ಬಂದ ಮನುಷ್ಯ ಎಸಿ ಯಾಕೆ ಹಾಕ್ತಾರೆ? ಎಸಿ ಓಡದಿದ್ದರೆ ಎಸಿ ನೀರು ಎಲ್ಲಿಂದ ಬರುತ್ತೆ? ಈಗ ಯೋಚಿಸಿದರೆ ಮೈ ಉರಿಯುತ್ತೆ. ಆವತ್ತು ಹೊಳೆಯಲೇ ಇಲ್ಲ. ಎಲೆ ಸಿಕ್ಕಿತ್ತಲ್ಲ, ಸಾಕಾಯ್ತು.

ಇನ್ನೊಂದು ಸುಳಿವೂ ಕಣ್ಣೆದುರಿಗೇ ಇತ್ತು. ಮೇಷ್ಟ್ರು ರೇಡಿಯೇಟರಿಗೆ ಕೂಲೆಂಟ್ ಹಾಕಿಸುತ್ತಿರಲಿಲ್ಲ, ಬರೀ ಬಾವಿ ನೀರು. ಕೂಲೆಂಟ್ ಇದ್ದಿದ್ದರೆ ಮ್ಯಾಟ್ ಮೇಲೆ ಹಸಿರು ಬಣ್ಣ ಕಾಣುತ್ತಿತ್ತು, ಸಿಹಿ ವಾಸನೆ ಬರುತ್ತಿತ್ತು. ಬರೀ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರ್ಪೆಟ್ ಮೇಲೆ ಬಿದ್ದರೆ ಥೇಟ್ ಮಳೆ ನೀರು. ಗ್ಲಾಸಿಗೆ ಒಳಗಿಂದ ಮಂಜು ಕೂರುತ್ತೆ ಅಂತಲೂ ಅವರು ಹೇಳಿದ್ದರು. ಮಳೆಗಾಲ ಅಲ್ವಾ ಸಾರ್, ಎಲ್ಲಾ ಗಾಡಿಗೂ ಹಂಗೇ ಅಂದೆ. ಹೊರಡುವಾಗ ದೊಡ್ಡ ಮನುಷ್ಯನ ಹಾಗೆ ಒಂದು ಸಲಹೆ ಬೇರೆ ಕೊಟ್ಟೆ. ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋದರೆ ಹೀಟರ್ ಫುಲ್ ಹಾಕಿ, ಇಂಜಿನ್ ಬಿಸಿ ಸ್ವಲ್ಪ ಕಮ್ಮಿ ಆಗುತ್ತೆ.

ಸಲಹೆ ತಪ್ಪಲ್ಲ. ಹೀಟರ್ ಅಂದರೆ ಡ್ಯಾಶ್‌ಬೋರ್ಡಿನ ಒಳಗೆ ಕೂತಿರೋ ಒಂದು ಪುಟಾಣಿ ರೇಡಿಯೇಟರ್. ಇಂಜಿನ್ನಿನ ಬಿಸಿನೀರು ಅದರಲ್ಲಿ ಹಾದು ಹೋಗುತ್ತೆ, ಬ್ಲೋವರ್ ಆ ಬಿಸಿಯನ್ನು ಒಳಗೆ ಊದುತ್ತೆ. ಲೀಕ್ ಇದ್ದದ್ದೇ ಅಲ್ಲಿ ಅನ್ನೋದು ಮಾತ್ರ ನಮಗೆ ಗೊತ್ತಿರಲಿಲ್ಲ.

ಮೇಷ್ಟ್ರು ಹೆಂಡತಿ ಜೊತೆ ಸುಬ್ರಹ್ಮಣ್ಯಕ್ಕೆ ಹೋಗಿ ವಾಪಸ್ ಬರುತ್ತಿದ್ದರು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮುಂದೆ ಲಾರಿಗಳ ಸಾಲು. ಫಸ್ಟ್ ಗೇರ್, ಸೆಕೆಂಡ್ ಗೇರ್, ಮತ್ತೆ ಫಸ್ಟು. ಮುಳ್ಳು ಏರಿತು. ನನ್ನ ಮಾತು ನೆನಪಾಗಿ ಹೀಟರ್ ಪೂರ್ತಿ ತೆರೆದರು. ಅಲ್ಲಿವರೆಗೆ ಹೀಟರಿಗೆ ನೀರು ಬಿಡೋ ಕಾಕ್ ಮುಚ್ಚಿದ್ದರಿಂದ ಬರೀ ಜಿನುಗುತ್ತಿದ್ದ ಆ ಪುಟಾಣಿ ರೇಡಿಯೇಟರಿಗೆ, ಅಂದರೆ ಹೀಟರ್ ಕೋರ್‌ಗೆ ಒಮ್ಮೆಲೇ ಕುದಿಯೋ ನೀರು ನುಗ್ಗಿತು. ಗಾಡಿ ಒಳಗೆಲ್ಲ ಹಬೆ. ಮುಂದಿನ ಗ್ಲಾಸ್ ಪೂರ್ತಿ ಬೆಳ್ಳಗೆ. ತಿರುವಿನಲ್ಲಿ, ಹಿಂದೆ ಟ್ಯಾಂಕರ್ ಇಟ್ಟುಕೊಂಡು, ಆ ವಯಸ್ಸಿನಲ್ಲಿ ಅವರು ಗಾಡಿ ಪಕ್ಕಕ್ಕೆ ತಂದರಲ್ಲ, ಅದಕ್ಕೆ ಇವತ್ತಿಗೂ ಕೈ ಮುಗಿಯಬೇಕು.

ಫೋನ್ ಬಂದಾಗ ನಾನು ಊಟಕ್ಕೆ ಕೂತಿದ್ದೆ. "ಏನಪ್ಪಾ, ಹೀಟರ್‌ನಲ್ಲಿ ಬೆಂಕಿ ಹತ್ಕೊಂತಾ? ಹೊಗೆ ಬರ್ತಿದೆ." ಹೊಗೆಯೋ ಹಬೆಯೋ ಅಂತ ಕೇಳಿದೆ. "ಈಗ ಮುಳ್ಳು ಕೆಳಗೆ ಬಂದಿದೆ, ತಣ್ಣಗಾಯ್ತು ಅನ್ಸುತ್ತೆ. ಇಲ್ಲೊಬ್ರು ಲಾರಿಯವರು ನೀರು ತಂದಿದ್ದಾರೆ. ರೇಡಿಯೇಟರ್ ಕ್ಯಾಪ್ ತೆಗೀತಾರಂತೆ."

ನನ್ನ ಎದೆ ಧಸಕ್ ಅಂತು. ನೀರಿದ್ದರೆ ತಾನೇ ಮುಳ್ಳು ನಿಜ ಹೇಳೋದು? ಸೆನ್ಸರ್ ನೀರಲ್ಲಿ ಮುಳುಗಿರಬೇಕು. ನೀರು ಇಳಿದು ಅದು ಖಾಲಿ ಜಾಗದಲ್ಲಿ ನಿಂತರೆ ಮುಳ್ಳು ಸುಮ್ನೆ ಕೆಳಗೆ ಬೀಳುತ್ತೆ. ಇಂಜಿನ್ ಮಾತ್ರ ಕಾಯ್ತಾನೇ ಇರುತ್ತೆ. ಕ್ಯಾಪಿನ ಕಥೆ ಇನ್ನೂ ಅಪಾಯದ್ದು. 0.9 ಬಾರ್ ಪ್ರೆಷರ್ ತಡೆಯೋ ಕ್ಯಾಪ್ ಇದ್ದರೆ ಒಳಗಿನ ನೀರು ಸುಮಾರು 118 ಡಿಗ್ರಿವರೆಗೆ ಕುದಿಯದೆ ತಡೆಯುತ್ತೆ. ತೆಗೆದ ಕ್ಷಣ ಪ್ರೆಷರ್ ಹೋಗಿ ಅಷ್ಟೂ ನೀರು ಮುಖಕ್ಕೆ ಚಿಮ್ಮುತ್ತೆ. "ಮೇಷ್ಟ್ರೇ, ಕ್ಯಾಪ್ ಮುಟ್ಟೋಕೆ ಬಿಡಬೇಡಿ, ತಣ್ಣೀರು ಇಂಜಿನ್ ಮೇಲೆ..." ಲೈನ್ ಕಟ್. ಘಾಟಿಯ ನೆಟ್‌ವರ್ಕ್.

ಮತ್ತೆ ಮತ್ತೆ ಮಾಡಿದೆ, ಸಿಗಲಿಲ್ಲ. ಹೆಲ್ಪರ್‌ನ ಬೈಕ್ ಹಿಂದೆ ಕೂತು ಮಾರನಹಳ್ಳಿ ದಾಟಿ ಇಳಿಯುವಾಗ ಕಣ್ಣ ಮುಂದೆ ಬರೀ ಸುಟ್ಟ ಕೈ. ಸಾಹುಕಾರರ ಫೋನ್ ಮಾತ್ರ ಸರಿಯಾಗಿ ಸಿಕ್ಕಿತು. "ಹೆಡ್ ಹೋಗಿರುತ್ತೆ. ಟೋ ಮಾಡ್ಕೊಂಡ್ ಬಾ, ಹೆಡ್ ಇಳಿಸೋಣ." ಹೆಡ್ ಅಂದರೆ ಇಂಜಿನ್ನಿನ ಮೇಲಿನ ಭಾಗ. ನೋಡದೇ ಡಯಾಗ್ನೋಸಿಸ್.

ಹೋಗಿ ನೋಡಿದರೆ ಕ್ಯಾಪ್ ಹಾಗೇ ಇತ್ತು. ಮೇಷ್ಟ್ರು ಲಾರಿಯವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿ ಮಾತಾಡಿಸುತ್ತಿದ್ದರು. ನನ್ನ ಅರ್ಧ ಮಾತಿನಲ್ಲಿ "ಮುಟ್ಟೋಕೆ ಬಿಡಬೇಡಿ" ಅನ್ನೋದಷ್ಟೇ ಕೇಳಿಸಿತ್ತಂತೆ. ಅಷ್ಟೇ ಸಾಕಾಗಿತ್ತು.

ಎಡಗಡೆ ಮ್ಯಾಟ್ ಎತ್ತಿದೆ. ಬಿಸಿನೀರು ನಿಂತಿತ್ತು. ಮಳೆ ನೀರು ಬಿಸಿ ಇರಲ್ಲ.

ಇಂಜಿನ್ ಪೂರ್ತಿ ಆರಲಿ ಅಂತ ಕಾದು, ಹೀಟರ್‌ಗೆ ಹೋಗೋ ಎರಡೂ ಪೈಪ್ ಬಿಚ್ಚಿ ಒಂದೇ ಹೋಸಿನಿಂದ ಲೂಪ್ ಮಾಡಿದೆವು. ನೀರು ನಿಧಾನವಾಗಿ ತುಂಬಿಸಿ ಏರ್ ತೆಗೆದೆವು. ಸ್ಟಾರ್ಟ್ ಮಾಡಿ, ಹೆಡ್ ಹೋಗಿದ್ದರೆ ಬರೋ ಗುಳ್ಳೆ ರೇಡಿಯೇಟರ್ ಒಳಗೆ ಕಾಣುತ್ತಾ ನೋಡಿದೆ, ಇಲ್ಲ. ಡಿಪ್‌ಸ್ಟಿಕ್ ಎಳೆದೆ. ನೀರು ಸೇರಿ ಆಯಿಲ್ ಹಾಲು ಹಾಕಿದ ಟೀ ಥರ ಬೆಳ್ಳಗಾಗಿರಲಿಲ್ಲ. ಹೆಡ್ ಬಚಾವ್. ಸಾಹುಕಾರರಿಗೆ ಹೇಳಿದಾಗ ಅವರ ದನಿಯಲ್ಲಿ ಖುಷಿಯೇನೂ ಕಾಣಲಿಲ್ಲ.

ಗ್ಯಾರೇಜಿಗೆ ತಂದ ಮೇಲೆ ನನಗೆ ಇನ್ನೊಂದು ಡೌಟು. ನಿಂತಲ್ಲೇ ಓಡಿಸಿದರೆ ಮುಳ್ಳು ಇನ್ನೂ ನಿಧಾನಕ್ಕೆ ಏರುತ್ತಿತ್ತು. ರೇಡಿಯೇಟರ್ ಫ್ಯಾನ್ ತಿರುಗುತ್ತಿತ್ತು, ಜೋರಾಗೇ. ಯಾರೋ ಹಿಂದೆ ಸ್ವಿಚ್ ಕೆಟ್ಟಾಗ ಸ್ವಿಚ್ ಬಿಟ್ಟು ಫ್ಯಾನಿಗೆ ಡೈರೆಕ್ಟ್ ವೈರ್ ಕೊಟ್ಟಿದ್ದರು. ಸುಮ್ನೆ ಗ್ರಿಲ್ ಮುಂದೆ ಜಾಬ್ ಕಾರ್ಡ್ ಹಿಡಿದೆ. ಫ್ಯಾನ್ ಗಾಳಿಯನ್ನು ಒಳಗೆ ಎಳೆಯಬೇಕು. ಅದು ಗ್ರಿಲ್‌ಗೆ ಅಂಟಿಕೊಳ್ಳಬೇಕು ತಾನೇ? ಹೊರಗೆ ಹಾರಿತು. ಎರಡು ವೈರ್ ಅದಲು ಬದಲು, ಫ್ಯಾನ್ ಉಲ್ಟಾ! ಗಾಡಿ ಸ್ಪೀಡಲ್ಲಿದ್ದಾಗ ಎದುರಿನ ಗಾಳಿಯೇ ಹೇಗೋ ನಿಭಾಯಿಸುತ್ತಿತ್ತು. ಫಸ್ಟ್ ಗೇರಿನ ಘಾಟಿಯಲ್ಲಿ ಇಂಜಿನ್ನಿನ ಬಿಸಿಗಾಳಿಯನ್ನೇ ರೇಡಿಯೇಟರ್‌ಗೆ ಊದುತ್ತಿತ್ತು. ವೈರ್ ತಿರುಗಿಸಿ, ಹೊಸ ಸ್ವಿಚ್ ಹಾಕಿದೆವು. ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ತುಂಬಿದ್ದ ಕೆಸರು, ಹುಳ ಎಲ್ಲ ಇಂಜಿನ್ ಕಡೆಯಿಂದ ಸಣ್ಣ ಪ್ರೆಷರ್‌ನಲ್ಲಿ ನೀರು ಬಿಟ್ಟು ತೊಳೆದೆವು. ಜೋರು ವಾಟರ್ ಗನ್ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ಫಿನ್ ಮಡಚಿಕೊಳ್ಳುತ್ತೆ. ಹೊಸ ಹುಡುಗರಿಗೆ ಇದನ್ನು ಎಷ್ಟು ಹೇಳಿದರೂ ಕಮ್ಮಿ.

ಕೊನೆಗೆ ಕೂಲೆಂಟ್ ತುಂಬಿಸಿದೆವು. ನಿಜ ಹೇಳಬೇಕಂದ್ರೆ ಬಿಸಿ ಹೊರೋ ವಿಷಯದಲ್ಲಿ ಬರೀ ನೀರು ಕೂಲೆಂಟ್‌ಗಿಂತ ಏನೂ ಕಡಿಮೆ ಇಲ್ಲ, ಸ್ವಲ್ಪ ಜಾಸ್ತಿನೇ. ಆದರೆ ತುಕ್ಕು ಹಿಡಿಸುತ್ತೆ, ಬಾವಿ ನೀರಾದರೆ ಗಾರೆ ಕಟ್ಟುತ್ತೆ. ಆ ಹೀಟರ್ ಕೋರ್ ತೂತಾಗಿದ್ದೂ ಹಾಗೇ. ಮತ್ತೆ ಲೀಕ್ ಆದರೆ ಬಣ್ಣವಾದರೂ ಕಾಣುತ್ತೆ.

ರೇಡಿಯೇಟರಿಗೆ ಗಾಳಿ ಒತ್ತಿ ಲೀಕ್ ನೋಡೋ ಪ್ರೆಷರ್ ಟೆಸ್ಟರ್ ಇದ್ದಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಪ್ರೆಷರ್ ಇಳಿಯುತ್ತಿದೆ, ಹೊರಗೆ ಒಂದು ಹನಿ ಇಲ್ಲ ಅಂದರೆ ನೀರು ಒಳಗೇ ಹೋಗುತ್ತಿರಬೇಕು. ಕೇಳಿದಾಗಲೆಲ್ಲ ಸಾಹುಕಾರರದ್ದು ಒಂದೇ ಮಾತು, ಕಣ್ಣಿಗೆ ಕಾಣೋ ಲೀಕಿಗೆ ಮೆಷಿನ್ ಯಾಕೆ? ಹಾಗಾಗಿ ಹಳೇ ಕ್ಯಾಪಿಗೆ ತೂತು ಕೊರೆದು ಟ್ಯೂಬ್‌ಲೆಸ್ ವಾಲ್ವ್ ಕೂರಿಸಿಕೊಂಡಿದ್ದೇವೆ. ಇಂಜಿನ್ ತಣ್ಣಗಿದ್ದಾಗ, ಗೇಜ್ ಇರೋ ಸೈಕಲ್ ಪಂಪಿನಲ್ಲಿ 12-13 ಪಿಎಸ್‌ಐ. ಅದಕ್ಕಿಂತ ಮೇಲೆ ಹೋದರೆ ಹಳೇ ರೇಡಿಯೇಟರ್ ಟ್ಯಾಂಕೇ ಬಿಟ್ಟುಕೊಳ್ಳಬಹುದು.

ಮೇಷ್ಟ್ರು ಹೊಸ ಹೀಟರ್ ಕೋರ್ ಹಾಕಿಸಲಿಲ್ಲ. ಡ್ಯಾಶ್‌ಬೋರ್ಡ್ ಇಳಿಸೋ ಲೇಬರ್ ಕೇಳಿ, ಸ್ವೆಟರ್ ಇದೆ ಬಿಡಪ್ಪಾ ಅಂದರು. ಗ್ಲಾಸಿಗೆ ಮಂಜು ಕೂತರೆ ಎಸಿ ಹಾಕಿ, ಮಳೆಗಾಲದಲ್ಲೂ ಹಾಕಿ, ಬೇಗ ಹೋಗುತ್ತೆ ಅಂತ ತೋರಿಸಿ ಕಳಿಸಿದೆ. ಡ್ರೈನ್ ಕ್ಲೀನಿಂಗ್ ಅಂತ ಮೊದಲ ಬಿಲ್ಲಿನಲ್ಲಿ ತಗೊಂಡಿದ್ದ ದುಡ್ಡನ್ನು ವಾಪಸ್ ಕೊಡೋಣ ಅಂತ ಸಾಹುಕಾರರಿಗೆ ಹೇಳಿದೆ. ಎಲೆ ಸಿಕ್ಕಿತ್ತಲ್ಲ ಅಂದರು.