ಪ್ಯಾಂಟಿಗೆ ಅಂಟಿದ ಉತ್ತರಾಣಿ

ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗಿ ಬಂದೆ. ಈಗ ಜಗಲಿ ಮೇಲೆ ಕೂತು ಪ್ಯಾಂಟಿಗೆ ಅಂಟಿದ ಉತ್ತರಾಣಿ ಬೀಜ ಒಂದೊಂದಾಗಿ ಕೀಳುತ್ತಾ ಇದ್ದೇನೆ. ಆ ಕಡೆ ಹೋಗೇ ಇಲ್ಲ ಅಂತ ಸುಳ್ಳು ಹೇಳೋಕೂ ಇವು ಬಿಡಲ್ಲ, ಅಲ್ವಾ?

ಅಮೆರಿಕದ ಅರಿಝೋನಾದಲ್ಲಿ 1992ರ ಒಂದು ಕೊಲೆ ಕೇಸ್ ನೆನಪಾಯಿತು. ಹೆಣ ಸಿಕ್ಕ ಜಾಗದ ಹತ್ತಿರ ಪಾಲೊ ವರ್ಡೆ ಅನ್ನೋ ಮರ, ಅದರ ತೊಗಟೆ ತರಚಿತ್ತು. ಆರೋಪಿಯ ಪಿಕಪ್ ಗಾಡಿಯ ಹಿಂದುಗಡೆ ಅದೇ ಜಾತಿಯ ಎರಡು ಕಾಯಿ. ಆದರೆ ಆ ಮರ ಅಲ್ಲಿ ನಮ್ಮ ಜಾಲಿ ಇದ್ದ ಹಾಗೆ, ಎಲ್ಲೆಲ್ಲೂ ಇರುತ್ತೆ. ಇದೇ ಮರದ್ದು ಅಂತ ಹೇಗೆ ಹೇಳೋದು? ಅರಿಝೋನಾ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಟಿಮ್ ಹೆಲೆಂಟ್ಜಾರಿಸ್ ಸುತ್ತಮುತ್ತಲಿನ ಮರಗಳ ಡಿಎನ್‌ಎಯನ್ನೂ ತಂದು ಹೋಲಿಸಿ ನೋಡಿದರು. ಒಂದೊಂದು ಮರದ್ದೂ ಒಂದೊಂದು ಥರ, ಕಾಯಿ ಹೊಂದಿದ್ದು ಆ ಒಂದು ಮರಕ್ಕೆ.

ಕೋರ್ಟ್ ಸಾಕ್ಷ್ಯ ಒಪ್ಪಿತು. ಬೇರೆ ಮರಕ್ಕೂ ಹೀಗೇ ಹೊಂದುವ ಸಾಧ್ಯತೆ ಇಷ್ಟು ಲಕ್ಷಕ್ಕೆ ಒಂದು ಅನ್ನೋ ಥರದ ಅಂಕಿಯನ್ನು ಮಾತ್ರ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ಜನರ ತಂಡ) ಮುಂದೆ ಹೇಳಲು ಬಿಡಲಿಲ್ಲ. ನನಗೆ ಹಿಡಿಸಿದ್ದು ಇದೇ. ಕೆಲವೇ ಮರ ನೋಡಿ ಅಂಥ ಅಂಕಿ ಹೇಳೋದು ಸ್ವಲ್ಪ ಜಾಸ್ತಿನೇ ಆಯ್ತು. ಮತ್ತೆ ಕಾಯಿ ಹೇಳೋದು ಗಾಡಿ ಆ ಮರದ ಕೆಳಗಿತ್ತು ಅಂತ ಅಷ್ಟೇ, ಅಲ್ಲಿ ಯಾರು ಏನು ಮಾಡಿದರು ಅಂತಲ್ಲ. ಅದಕ್ಕೆ ಸ್ಥಳದಲ್ಲಿ ಸಿಕ್ಕ, ಆರೋಪಿ ಬಳಸುತ್ತಿದ್ದ ಪೇಜರ್‌ನಂಥ (ಮೊಬೈಲಿಗೂ ಮುಂಚಿನ, ಸಂದೇಶ ಬರುವ ಪುಟ್ಟ ಯಂತ್ರ) ಬೇರೆ ಸಾಕ್ಷ್ಯಗಳೂ ಬೇಕಾದವು.

ಕಾಲ್ಚೀಲದಲ್ಲಿ ಇನ್ನೂ ಬೀಜ ಬಾಕಿ ಇವೆ. ನಾಯಿ ಬೇರೆ ಒಳಗೆ ಹೋಯಿತು, ಅದರ ಬಾಲ ನೋಡಬೇಕು.