ಓದಿದ್ದು ಒಂದು ಕಡೆ, ಬರೆದದ್ದು ಇನ್ನೊಂದು ಕಡೆ

ಮೂರನೆಯ ವಾರಾಂತ್ಯ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕೋರ್‌ಬೂಟ್ (ತಯಾರಕರ ಬಯಾಸ್‌ನ ಬದಲಿಗೆ ಹಾಕುವ ಮುಕ್ತ ಫರ್ಮ್‌ವೇರ್) ಏಳುತ್ತಿದೆ, ಲಿನಕ್ಸ್ ಕೂಡ ಬರುತ್ತಿದೆ. ಆದರೆ ಗುಂಡಿ ಒತ್ತಿದ ಮೇಲೆ ಪರದೆ ಕೆಲವು ಸೆಕೆಂಡು ಕಪ್ಪಾಗಿಯೇ ಉಳಿಯುತ್ತದೆ. ಕಾರಣ ಲಾಗ್‌ನಲ್ಲಿಯೇ ಸಿಕ್ಕಿತು: ಮೆಮೊರಿ ಟ್ರೈನಿಂಗ್ ಪ್ರತಿ ಸಲವೂ ಮೊದಲಿನಿಂದ ನಡೆಯುತ್ತಿದೆ. ರ್‍ಯಾಮ್‌ಗೆ ಹೊಂದುವ ಸಮಯದ ಲೆಕ್ಕವನ್ನು ಒಮ್ಮೆ ಕಂಡುಕೊಂಡ ಮೇಲೆ ಅದನ್ನು ಫರ್ಮ್‌ವೇರ್ ಇರುವ ಫ್ಲ್ಯಾಶ್ ಚಿಪ್‌ನಲ್ಲಿ ಉಳಿಸಿ, ಮುಂದಿನ ಸಲ ಅದನ್ನೇ ಬಳಸಬೇಕು. ಅದಕ್ಕೆಂದೇ 64 ಕೆಬಿ ಜಾಗ ಮೀಸಲಿಟ್ಟಿದ್ದೆ. ಎಷ್ಟು ಸಲ ಬೂಟ್ ಮಾಡಿದರೂ ಅದು ಖಾಲಿ.

ಮೊದಲು ಚಿಪ್ ಕೆಟ್ಟಿದೆಯೇನೋ ಎಂದುಕೊಂಡು ಕ್ಲಿಪ್ ಹಾಕಿ ಹೊರಗಿನ ಪ್ರೋಗ್ರಾಮರ್ ಸಾಧನದಿಂದ ಓದಿದೆ. ಚಿಪ್ ಓದುವ ತಂತ್ರಾಂಶ ಫ್ಲ್ಯಾಶ್‌ರೋಮ್ ಕೊಟ್ಟ ಪ್ರತಿಯಲ್ಲಿ ಉಳಿದದ್ದೆಲ್ಲ ಸರಿಯಾಗಿತ್ತು. ಆ 64 ಕೆಬಿಯಲ್ಲಿ ಮಾತ್ರ ಎಲ್ಲ ಬಿಟ್‌ಗಳೂ 1, ಅಂದರೆ ಅಳಿಸಿದ ಸ್ಥಿತಿ. ಅಲ್ಲಿಗೆ ಯಾರೂ ಏನನ್ನೂ ಬರೆದೇ ಇಲ್ಲ.

ಇದನ್ನು ಬಿಡಿಸಲು ಫ್ಲ್ಯಾಶ್ ಚಿಪ್ ಪ್ರೊಸೆಸರ್‌ನ ಮೆಮೊರಿ ವಿಳಾಸಗಳಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಮತ್ತೆ ಮೊದಲಿನಿಂದ ಯೋಚಿಸಬೇಕಾಯಿತು. ಎಕ್ಸ್86 ಪ್ರೊಸೆಸರ್ ಎಚ್ಚರವಾದ ಕೂಡಲೇ ಮೊದಲ ಆದೇಶವನ್ನು ಓದುವುದು 4 ಜಿಬಿ ಗಡಿಗೆ ಸರಿಯಾಗಿ 16 ಬೈಟ್ ಕೆಳಗಿನ ವಿಳಾಸದಿಂದ. ಆಗ ರ್‍ಯಾಮ್ ಇನ್ನೂ ಸಿದ್ಧವಾಗಿರುವುದಿಲ್ಲ. ಆ ವಿಳಾಸದ ಓದನ್ನು ಚಿಪ್‌ಸೆಟ್ ತಾನೇ ಎಸ್‌ಪಿಐ ಎಂಬ ಸರಣಿ ತಂತಿಗಳಿಂದ ಜೋಡಿಸಿದ ಫ್ಲ್ಯಾಶ್‌ನ ಕಡೆಗೆ ತಿರುಗಿಸುತ್ತದೆ. ಫ್ಲ್ಯಾಶ್‌ನ ಕೊನೆಯ ಬೈಟ್ 4 ಜಿಬಿ ಗಡಿಗೆ ತಾಗಿ ಕೂರುತ್ತದೆ. ಉಳಿದದ್ದು ಅದರ ಕೆಳಗೆ ಇಳಿಬಿಟ್ಟ ಹಾಗೆ ಇರುತ್ತದೆ. ಅಳತೆ ಶುರುವಾಗುವುದು ಮೇಲಿನಿಂದ, ಬುಡದಿಂದಲ್ಲ. ಈ ಮಾತು ನನಗೆ ಗೊತ್ತಿತ್ತು. ಅದರ ಪರಿಣಾಮ ಏನೆಂದು ಮಾತ್ರ ಯೋಚಿಸಿರಲಿಲ್ಲ.

ಈ ಯಂತ್ರದಲ್ಲಿ ಎರಡು ಚಿಪ್‌ಗಳಿವೆ, 8 ಎಂಬಿ ಒಂದು, 4 ಎಂಬಿ ಇನ್ನೊಂದು. ಚಿಪ್‌ಸೆಟ್‌ಗೆ ಅವೆರಡೂ ಸೇರಿ 12 ಎಂಬಿಯ ಒಂದೇ ಫ್ಲ್ಯಾಶ್: ಬುಡದಲ್ಲಿ 8 ಎಂಬಿ, ಅದರ ಮೇಲೆ 4 ಎಂಬಿ. ಮೊದಲ 4 ಕೆಬಿ ಇಂಟೆಲ್ ಡಿಸ್ಕ್ರಿಪ್ಟರ್ (ಯಾವ ಭಾಗ ಎಲ್ಲಿದೆ, ಅಲ್ಲಿ ಯಾರು ಬರೆಯಬಹುದು ಎಂದು ಹೇಳುವ ಪಟ್ಟಿ), ನಂತರ 8 ಕೆಬಿ ನೆಟ್‌ವರ್ಕ್ ಕಾರ್ಡಿನ ಮಾಹಿತಿ, 12 ಕೆಬಿಯಿಂದ 5 ಎಂಬಿವರೆಗೆ ಮ್ಯಾನೇಜ್‌ಮೆಂಟ್ ಎಂಜಿನ್ (ಚಿಪ್‌ಸೆಟ್‌ನೊಳಗಿನ ಇಂಟೆಲ್‌ನ ಪುಟ್ಟ ಪ್ರೊಸೆಸರ್‌ನ ಫರ್ಮ್‌ವೇರ್), ಅಲ್ಲಿಂದ ಕೊನೆಯವರೆಗೆ ಬಯಾಸ್‌ನ ಜಾಗ. ನಾನು ಬದಲಿಸುತ್ತಿದ್ದುದು 4 ಎಂಬಿ ಚಿಪ್ಪಿನಲ್ಲಿರುವುದನ್ನು ಮಾತ್ರ. ಹಾಗಾಗಿ ಕೋರ್‌ಬೂಟ್ ಸಂರಚನೆಯಲ್ಲಿ ರೋಮ್ ಗಾತ್ರ 4 ಎಂಬಿ ಎಂದು ಬರೆದು, ನಾನೇ ಸಿದ್ಧಪಡಿಸಿದ ಫ್ಲ್ಯಾಶ್ ನಕ್ಷೆಯಲ್ಲಿ ಟ್ರೈನಿಂಗ್ ಫಲಿತಾಂಶಕ್ಕೆ ಬುಡದಿಂದ 64 ಕೆಬಿ ದೂರದಲ್ಲಿ ಜಾಗ ಕೊಟ್ಟಿದ್ದೆ.

ತಪ್ಪು ಇಲ್ಲಿದೆ. ಓದುವಾಗ ಲೆಕ್ಕ ಹೀಗೆ ನಡೆಯುತ್ತದೆ: 4 ಜಿಬಿಯಿಂದ 4 ಎಂಬಿ ಕಳೆದು 64 ಕೆಬಿ ಕೂಡಬೇಕು. ಗಾತ್ರವನ್ನು ಸರಿಯಾಗಿ 12 ಎಂಬಿ ಎಂದು ಕೊಟ್ಟಿದ್ದರೆ 12 ಎಂಬಿ ಕಳೆದು, 8 ಎಂಬಿ ಮತ್ತು 64 ಕೆಬಿ ಕೂಡುತ್ತಿತ್ತು. ಎರಡಕ್ಕೂ ಉತ್ತರ ಒಂದೇ ವಿಳಾಸ! ಮೇಲಿನಿಂದ ಅಳೆಯುವುದರಿಂದ ತಪ್ಪು ಗಾತ್ರವೂ ಓದಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಬರೆಯುವ ದಾರಿ ಬೇರೆ. ಅದು 4 ಜಿಬಿ ಗಡಿಯ ಕೆಳಗೆ ಫ್ಲ್ಯಾಶ್ ಕಾಣುವ ಆ ಮೆಮೊರಿ ಕಿಟಕಿಯ ಮೂಲಕ ಹೋಗುವುದಿಲ್ಲ, ಎಸ್‌ಪಿಐ ನಿಯಂತ್ರಕಕ್ಕೆ ಫ್ಲ್ಯಾಶ್‌ನ ಬುಡದಿಂದ ಎಣಿಸಿದ ಸ್ಥಾನವನ್ನೇ ಕೊಡುತ್ತದೆ. ಬುಡದಿಂದ 64 ಕೆಬಿ ಎಂದರೆ 8 ಎಂಬಿ ಚಿಪ್‌ನಲ್ಲಿರುವ ಮ್ಯಾನೇಜ್‌ಮೆಂಟ್ ಎಂಜಿನ್‌ನ ಜಾಗ.

ಇದು ಹೊಳೆದಾಗ ಎದೆ ಧಸಕ್ಕೆಂದಿತು. ಮೂರು ವಾರದಿಂದ ಪ್ರತಿ ಬೂಟ್‌ನಲ್ಲೂ ನಾನು ಅಲ್ಲಿಗೆ ಬರೆಯಲು ಹೊರಟಿದ್ದೆ. ಡಿಸ್ಕ್ರಿಪ್ಟರ್‌ನ ಬೀಗ ತೆಗೆದಿರದಿದ್ದುದೇ ಕಾಪಾಡಿತು: ನಿಯಂತ್ರಕದ ಸ್ಥಿತಿ ರಿಜಿಸ್ಟರ್‌ನಲ್ಲಿ ಅನುಮತಿಯಿಲ್ಲದ ಪ್ರವೇಶವನ್ನು ಸೂಚಿಸುವ ಬಿಟ್ ಏರಿತ್ತು. ಪ್ರಯೋಗದ ಹಂತದಲ್ಲಿ ಆ ಬೀಗವನ್ನು ತೆಗೆಯಬೇಡಿ ಎಂದು ಈ ಕೆಲಸಕ್ಕೆ ಕೈಹಾಕುವ ಎಲ್ಲರಿಗೂ ಕೇಳಿಕೊಳ್ಳುತ್ತೇನೆ.

ತಿದ್ದಿದ್ದು ಇಷ್ಟೇ. ರೋಮ್ ಗಾತ್ರವನ್ನು 12 ಎಂಬಿ ಮಾಡಿದೆ, ನಕ್ಷೆಯ ಎಲ್ಲ ಸ್ಥಾನಗಳನ್ನೂ 8 ಎಂಬಿ ಮುಂದಕ್ಕೆ ಸರಿಸಿದೆ, ತಯಾರಾದ ಕಡತದ ಕೊನೆಯ 4 ಎಂಬಿಯನ್ನು ಮಾತ್ರ ಕತ್ತರಿಸಿ ಚಿಪ್‌ಗೆ ಹಾಕಿದೆ. ಮೊದಲ ಬೂಟ್ ಎಂದಿನಂತೆ ನಿಧಾನ. ಎರಡನೆಯದಕ್ಕೆ ಪರದೆ ತಡವಿಲ್ಲದೆ ಬೆಳಗಿತು. ಸಮಾಧಾನವಾಗದೆ ಮತ್ತೆ ಕ್ಲಿಪ್ ಹಾಕಿ ನೋಡಿದೆ. ಆ 64 ಕೆಬಿಯಲ್ಲಿ ಈಗ ಅಕ್ಷರಶಃ ದತ್ತಾಂಶವಿದೆ.

ಇನ್ನು ಉಳಿದಿರುವುದು ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ. ಫ್ಲ್ಯಾಶ್‌ನ ಕಿಟಕಿಯನ್ನು ಪ್ರೊಸೆಸರ್ ಕ್ಯಾಶ್ ಮಾಡದಿದ್ದರೆ ಪ್ರತಿ ಓದೂ ಎಸ್‌ಪಿಐ ತಂತಿಯ ವೇಗಕ್ಕೇ ಕಾಯಬೇಕು. ಅದನ್ನು ನಿಗದಿ ಮಾಡುವ ಎಂಟಿಆರ್‌ಆರ್ ರಿಜಿಸ್ಟರ್‌ಗಳಿಗೆ 4, 8, 16 ಎಂಬಿಯಂತಹ ಎರಡರ ಘಾತದ ಗಾತ್ರಗಳಷ್ಟೇ ಒಗ್ಗುತ್ತವೆ, 12 ಒಗ್ಗುವುದಿಲ್ಲ. ನನ್ನ ಕೋಡ್ ಎಲ್ಲವೂ ಕೊನೆಯ 4 ಎಂಬಿಯಲ್ಲಿಯೇ ಇರುವುದರಿಂದ ಅಷ್ಟನ್ನೇ ಕ್ಯಾಶ್ ಮಾಡಿ ಮುಂದಿನ ವಾರ ಬೂಟ್ ಸಮಯ ಅಳೆಯುತ್ತೇನೆ.