ದಾವಣಗೆರೆಯಿಂದ ವಿಮಾನ ಹತ್ತುವವರಿಗೆ: ಟ್ಯಾಗು, ಚೀಟಿ ಮತ್ತು ಬಾರದ ಸೂಟ್‌ಕೇಸು

ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲ. ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ 2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆ ನಿಲ್ದಾಣ ಇದ್ದರೂ ವಿದೇಶಕ್ಕೆ ಹೊರಟವರಿಗೆ ಸಾಮಾನ್ಯವಾಗಿ ದೇವನಹಳ್ಳಿಯೇ ಗತಿ. ಲಗೇಜು ತಪ್ಪಿಹೋದರೆ ಬೆಂಗಳೂರಿನವರು ಮರುದಿನ ಹೋಗಿ ವಿಚಾರಿಸಬಹುದು. ನಮಗೆ ಆ ಕೌಂಟರು ಸುಮಾರು 260 ಕಿಲೋಮೀಟರ್ ದೂರ. ಆದ್ದರಿಂದ ಅಲ್ಲಿ ಮಾಡಬೇಕಾದ ಕೆಲಸವನ್ನು ಅಲ್ಲೇ ಮುಗಿಸಿಕೊಂಡು ಬರಬೇಕು. ಜರ್ಮನಿಯಲ್ಲಿರುವ ಮಗಳ ಮನೆಗೆ ನಾನು, ನನ್ನ ಹೆಂಡತಿ ಹೋಗಿಬಂದಾಗ ಹೋಗುವಾಗಲೂ ಬರುವಾಗಲೂ ವಿಮಾನ ಸಂಸ್ಥೆಯ ಎಡವಟ್ಟಿಗೆ ಸಿಕ್ಕಿದೆವು. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ತಕರಾರು. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ಲಿನಲ್ಲೇ ಮುಗಿದುಹೋಗುತ್ತವೆ. ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಟಿಕೆಟ್ ಜಾಲತಾಣಗಳು ಉಪನಾಮವಿಲ್ಲದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಅಂಥವರು ಏನು ತುಂಬಬೇಕೆಂದು ಸಂಸ್ಥೆಗೆ ಇಮೇಲ್ ಬರೆದು ಕೇಳಿ, ಬಂದ ಉತ್ತರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು. ಕೌಂಟರಿನಲ್ಲಿ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದಾಗ ಆ ಇಮೇಲ್ ತೋರಿಸಿದ್ದರಿಂದಲೇ ಮಾತು ಬೇಗ ಮುಗಿಯಿತು. ದುಬೈಗೆ ಪ್ರವಾಸಿ ವೀಸಾದಲ್ಲಿ ಹೋಗುವವರಂತೂ ಇದನ್ನು ತಿಂಗಳ ಮುಂಚೆಯೇ ನೋಡಿಕೊಳ್ಳಲಿ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟುಗಳ ವಿಚಾರದಲ್ಲಿ ನಿಯಮ ಬಿಗಿ ಮಾಡಿದೆ.

ಇನ್ನು ಟ್ಯಾಗು. ಸೂಟ್‌ಕೇಸಿನ ಹಿಡಿಕೆಗೆ ಸುತ್ತುವ ಆ ಉದ್ದನೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ದಪ್ಪಕ್ಷರದಲ್ಲಿರುವುದು ಕೊನೆಗೆ ಇಳಿಯುವ ಊರಿನ ಮೂರಕ್ಷರದ ಸಂಕೇತ. ಫ್ರಾಂಕ್‌ಫರ್ಟ್ ಆದರೆ ಎಫ್‌ಆರ್‌ಎ. ನಮ್ಮ ಎರಡು ಸೂಟ್‌ಕೇಸುಗಳಲ್ಲಿ ಒಂದಕ್ಕೆ ನಡುವೆ ವಿಮಾನ ಬದಲಿಸುವ ಕೊಲ್ಲಿಯ ಊರಿನ ಸಂಕೇತವೇ ಬಿದ್ದಿತ್ತು. ನನ್ನ ಹೆಂಡತಿ ಅದನ್ನು ಓದಿ, “ಮೇಡಂ, ಇದು ಅರ್ಧ ದಾರಿಗೇ ಇಳಿಯುತ್ತದಲ್ಲ?” ಎಂದು ಕೇಳಿದಳು. ಕೌಂಟರಿನಾಕೆ ಪಟ್ಟಿ ಕಿತ್ತು ಹೊಸದು ಹಚ್ಚಿದರು. ಸೂಟ್‌ಕೇಸ್ ಒಮ್ಮೆ ಬೆಲ್ಟಿನ ಮೇಲೆ ಸಾಗಿತೆಂದರೆ ಕೇಳುವುದು ಕಷ್ಟ, ಹಾಗಾಗಿ ನಿಂತಲ್ಲೇ ಓದಿ. ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಡುವ ಚೀಟಿಯಲ್ಲಿ ಯಾರ ಹೆಸರಿದೆ, ಎಷ್ಟು ಚೀಟಿಗಳಿವೆ ಎಂದೂ ನೋಡಿ. ಹಳೆಯ ಪ್ರಯಾಣದ ಬಾರ್‌ಕೋಡ್ ಚೂರುಗಳು ಸೂಟ್‌ಕೇಸಿನ ಬದಿಯಲ್ಲಿ ಉಳಿದಿದ್ದರೆ ಮನೆಯಲ್ಲೇ ಉಜ್ಜಿ ತೆಗೆಯಿರಿ. ಯಂತ್ರ ಯಾವುದನ್ನು ಓದುತ್ತದೋ ಹೇಳಲಾಗದು.

ಲಗೇಜು ಹಿಂದೆ ಉಳಿಯಲು ನಮ್ಮವರ ಪ್ರೀತಿಯೂ ಒಂದು ಕಾರಣ. ಚಟ್ನಿಪುಡಿ, ಖಾರದಪುಡಿ ಹೋಗುತ್ತವೆ. ಒಣಕೊಬ್ಬರಿ ಮಾತ್ರ ಹೋಗುವುದಿಲ್ಲ. ಅದರ ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಬಹುದೆಂದು ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿಯೂ ಇದೆ. ಪವರ್ ಬ್ಯಾಂಕ್ ಕೈಚೀಲದಲ್ಲಿರಬೇಕು, ಸೂಟ್‌ಕೇಸಿನಲ್ಲಿ ಇಟ್ಟರೆ ಎಕ್ಸ್‌ರೇಯಲ್ಲಿ ಕಂಡು ಪಕ್ಕಕ್ಕೆ ಎಳೆದಿಡುತ್ತಾರೆ. ಮಾತ್ರೆ, ಒಡವೆ, ಮನೆಯ ಬೀಗದ ಕೈ ಯಾವಾಗಲೂ ಕೈಚೀಲದಲ್ಲೇ ಇರಲಿ.

ಬರುವಾಗ ಬೆಂಗಳೂರಿನ ಎರಡನೇ ಟರ್ಮಿನಲ್ಲಿನಲ್ಲಿ ಬೆಲ್ಟು ಸುತ್ತಿ ಸುತ್ತಿ ನಿಂತಿತು. ನಮ್ಮದೊಂದು ಸೂಟ್‌ಕೇಸ್ ಬರಲೇ ಇಲ್ಲ. ಹೊರಗೆ ದಾವಣಗೆರೆಯಿಂದ ಬಂದ ಕಾರಿನ ಚಾಲಕ ಫೋನಿನ ಮೇಲೆ ಫೋನ್ ಮಾಡುತ್ತಿದ್ದ. ಕಾಯುವ ಬಾಡಿಗೆ, ಪಾರ್ಕಿಂಗ್ ಶುಲ್ಕ, ನಿದ್ದೆ, ಹಸಿವು ಎಲ್ಲವೂ “ಮನೆಗೆ ಹೋಗಿ ಇಮೇಲ್ ಮಾಡಿದರಾಯಿತು” ಎಂದು ದೂಡುತ್ತವೆ. ಹೊರಗೆ ಬರಬೇಡಿ. ಕಸ್ಟಮ್ಸ್ ದಾಟುವ ಮೊದಲೇ, ಬೆಲ್ಟಿನ ಹತ್ತಿರದ ಲಗೇಜು ಕೌಂಟರಿನಲ್ಲಿ ಪಿಐಆರ್ ಎಂಬ ದೂರುಪತ್ರ ಬರೆಸಬೇಕು. ಐದು ಅಕ್ಷರ, ಐದು ಅಂಕಿಗಳ ಒಂದು ಸಂಖ್ಯೆ ಕೊಡುತ್ತಾರೆ. ಮುಂದಿನ ಹುಡುಕಾಟವೆಲ್ಲ ಅದರ ಮೇಲೆಯೇ. ಸೂಟ್‌ಕೇಸುಗಳ ಚಿತ್ರವಿರುವ ಹಾಳೆ ಮುಂದಿಟ್ಟು ನಿಮ್ಮದು ಯಾವುದು ಎನ್ನುತ್ತಾರೆ. ಕಪ್ಪು ಬಣ್ಣ, ನಾಲ್ಕು ಚಕ್ರ ಎಂದರೆ ಊರಿನ ಅರ್ಧ ಜನರದ್ದು ಅದೇ. ನನ್ನ ಹೆಂಡತಿ ಹೊರಡುವ ಮುಂಚೆ ಮುಚ್ಚಳ ತೆರೆದಿಟ್ಟು, ಮುಚ್ಚಿಟ್ಟು ಫೋಟೋ ತೆಗೆದಿದ್ದಳು. ಒಳಗೆ ಮೇಲೆಯೇ ಇದ್ದ ಹಸಿರು ಇಳಕಲ್ ಸೀರೆಯನ್ನು ಗುರುತಾಗಿ ಬರೆಸಿದೆವು.

ಅದೇ ಹೊತ್ತಿಗೆ ಇನ್ನೊಂದು ಕೆಲಸವಿದೆ, ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಲಗೇಜು ಬಂದಿಲ್ಲವೆಂದು ಸಂಸ್ಥೆಯಿಂದ ಪತ್ರ ಪಡೆದು, ಸುಂಕವಿಲ್ಲದೆ ತರಬಹುದಾದ ಮಿತಿಯಲ್ಲಿ ಎಷ್ಟು ಉಳಿದಿದೆ ಎಂದು ಕಸ್ಟಮ್ಸ್‌ನಿಂದ ಸಹಿ ಹಾಕಿಸಿಕೊಳ್ಳಬಹುದು. ಸೂಟ್‌ಕೇಸ್ ತಡವಾಗಿ ಬಂದಾಗ ಉಳಿದ ಮಿತಿ ಅದಕ್ಕೆ ಅನ್ವಯಿಸುತ್ತದೆ. ಮುಂಬೈ ಅಥವಾ ದೆಹಲಿಯಲ್ಲಿ ಇಳಿದು ಹುಬ್ಬಳ್ಳಿಗೆ ವಿಮಾನ ಬದಲಿಸುವವರು ಸಾಮಾನ್ಯವಾಗಿ ಅಲ್ಲೇ ಲಗೇಜು ಪಡೆದು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.

ಕೆಲವು ದಿನಗಳ ಮೇಲೆ ಫೋನ್ ಬಂತು: “ಸರ್, ನಿಮ್ಮ ಬ್ಯಾಗ್ ಬಂದಿದೆ, ಬಂದು ತೆಗೆದುಕೊಂಡು ಹೋಗಿ.” ಇದಕ್ಕೆ ತಲೆಯಾಡಿಸಬೇಡಿ. ತಪ್ಪು ಅವರದು, ದಾವಣಗೆರೆಗೆ ತಲುಪಿಸಿ ಎಂದು ಇಮೇಲಿನಲ್ಲಿ ಬರೆಯಿರಿ. ಪಿಐಆರ್ ಬರೆಸುವಾಗಲೇ ಮನೆಯ ವಿಳಾಸವನ್ನು ಪಿನ್‌ಕೋಡ್ ಸಹಿತ ಬರೆಸಿದ್ದರೆ ವಾದ ಸುಲಭ. ನಮ್ಮದನ್ನು ಕೊನೆಗೆ ಕೊರಿಯರಿನವರು ವಿದ್ಯಾನಗರದ ಮನೆಯ ಬಾಗಿಲಿಗೇ ತಂದರು. ಒಂದು ಚಕ್ರ ಮುರಿದಿತ್ತು. ಸಹಿ ಮಾಡುವ ಮೊದಲು ಅದನ್ನು ಅವರ ಹಾಳೆಯಲ್ಲೇ ಬರೆಸಿ, ಫೋಟೋ ತೆಗೆದೆ.

ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ, ಭಾರತವೂ ಅದರಲ್ಲಿದೆ. ಹಾನಿಯಾಗಿದ್ದರೆ ಲಗೇಜು ಕೈಸೇರಿದ 7 ದಿನದೊಳಗೆ, ತಡವಾಗಿದ್ದರೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಗಿದೆ ಎಂದೇ ಪರಿಹಾರ ಕೇಳಬಹುದು. ಒಪ್ಪಂದದ ಮಿತಿ 2024ರ ಡಿಸೆಂಬರ್ 28ರಿಂದ ಪ್ರಯಾಣಿಕನೊಬ್ಬನಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಅದು ಗರಿಷ್ಠ ಮಿತಿ ಮಾತ್ರ, ಎಲ್ಲರಿಗೂ ಅಷ್ಟು ಸಿಗುವುದಿಲ್ಲ. ಪರಊರಿನಲ್ಲಿ ಬಟ್ಟೆಬರೆ ಕೊಂಡಿದ್ದರೆ ರಸೀದಿ ಬೇಕು.

ಸಂಸ್ಥೆ ಜಗ್ಗದಿದ್ದರೆ ವಿಮಾನ ಪ್ರಯಾಣಿಕರ ದೂರುಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ಹಾಕಿ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಮೇಲೂ ಆಗದಿದ್ದರೆ ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು, ಅದಕ್ಕೆ ಎರಡು ವರ್ಷ ಅವಕಾಶವಿದೆ. ಟಿಕೆಟ್, ಬೋರ್ಡಿಂಗ್ ಪಾಸ್, ಟ್ಯಾಗಿನ ಚೀಟಿ, ಪಿಐಆರ್ ಇವನ್ನು ಅಲ್ಲಿಯವರೆಗೆ ಎಸೆಯಬೇಡಿ. ನನ್ನ ಚಕ್ರದ ದೂರಿಗೆ ಇನ್ನೂ “ಪರಿಶೀಲನೆಯಲ್ಲಿದೆ” ಎಂಬ ಉತ್ತರವೇ ಬರುತ್ತಿದೆ.